ಬಿಸಿಯಾದ ಮೇಲೆ ನಿಲ್ಲುವ ಅಂಬಾಸಿಡರ್

1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಹಳೆಯ ಅಂಬಾಸಿಡರ್‌ಗಳು ನನ್ನಲ್ಲಿಗೆ ಹೊತ್ತು ತರುವ ದೂರು ಹೆಚ್ಚಾಗಿ ಒಂದೇ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ದೂರ ಓಡಿದ ಮೇಲೆ ಮುಗ್ಗರಿಸಿ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಮತ್ತೆ ಓಡುತ್ತದೆ. ಅಷ್ಟರಲ್ಲಿ ಮಾಲೀಕರು ಕಾರ್ಬ್ಯುರೇಟರ್ ಬಿಚ್ಚಿಸಿ, ಪೆಟ್ರೋಲ್ ಪಂಪ್ ಬದಲಾಯಿಸಿ, ಟ್ಯಾಂಕನ್ನೂ ತೊಳೆಸಿರುತ್ತಾರೆ. ಸೆಕೆಗೆ ಪೆಟ್ರೋಲ್ ಆವಿಯಾಗಿ ಹೀಗಾಗುವುದೂ ಉಂಟು. ಆದರೂ ಮೊದಲು ಪೆಟ್ರೋಲ್ ಹೊತ್ತಿಸುವ ಕಿಡಿ ನೋಡಬೇಕು, ಅದೂ ಗಾಡಿ ನಿಂತ ಜಾಗದಲ್ಲೇ. ಗ್ಯಾರೇಜಿಗೆ ಎಳೆದು ತರುವಷ್ಟರಲ್ಲಿ ಎಲ್ಲ ತಣ್ಣಗಾಗಿ ರೋಗ ಅಡಗಿಬಿಡುತ್ತದೆ.

ಪೆಟ್ರೋಲ್ ಸೋರಿಲ್ಲವೆಂದು ಖಚಿತಪಡಿಸಿಕೊಳ್ಳಿ. ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದ ನಡುವಿನ ದಪ್ಪ ವೈರನ್ನು ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ತುದಿಯನ್ನು ಎಂಜಿನ್ ಬ್ಲಾಕಿನಿಂದ 5–6 ಮಿ.ಮೀ. ದೂರದಲ್ಲಿಟ್ಟು ಸೆಲ್ಫ್ ಹೊಡೆಸಿ. ನೀಲಿ ಕಿಡಿ ಚಟಚಟನೆ ಹಾರಿದರೆ ಕಾಯಿಲ್‌ವರೆಗೆ (ಬ್ಯಾಟರಿಯ ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸುವ ಸುರುಳಿ) ಎಲ್ಲ ಸರಿ. ಮುಚ್ಚಳದೊಳಗೆ ತಿರುಗುವ ರೋಟರ್, ಮುಚ್ಚಳ, ಪ್ಲಗ್‌ಗಳತ್ತ ಹೋಗಿ. ಕಿಡಿ ಹಳದಿಯಾಗಿ ಸಣ್ಣಗಿದ್ದು, ಸಿ.ಬಿ. ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಸಣ್ಣ ಸ್ವಿಚ್) ತೆರೆಯುವಾಗ ಅಲ್ಲೇ ದೊಡ್ಡ ಕಿಡಿ ಕಂಡರೆ ನನ್ನ ಮೊದಲ ಸಂಶಯ ಕಂಡೆನ್ಸರ್ ಮೇಲೆ. ಪಾಯಿಂಟ್ ತೆರೆದ ಕ್ಷಣ ಕಾಯಿಲ್‌ನ ಕರೆಂಟ್ ಥಟ್ಟನೆ ಕಡಿದರೆ ಮಾತ್ರ ಪ್ಲಗ್‌ಗೆ ಬೇಕಾದ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಹಾಗೆ ಕಡಿಯಲು ನೆರವಾಗುವುದೇ ಕಂಡೆನ್ಸರ್. ಒಳಗಿನ ಜೋಡಣೆ ಬಿಸಿಗೆ ಬಿಟ್ಟುಕೊಂಡರೆ ಆ ಶಕ್ತಿಯೆಲ್ಲ ಪಾಯಿಂಟ್ ಸುಡುವುದರಲ್ಲೇ ಕಳೆದುಹೋಗುತ್ತದೆ. ಹೊಸದು ತಂದು ಹಾಕಿದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಈಗ ಸಿಗುವ ಕಂಡೆನ್ಸರ್‌ಗಳಲ್ಲಿ ಡಬ್ಬಿಯಿಂದಲೇ ಕೆಟ್ಟು ಬಂದವನ್ನು ಸಾಕಷ್ಟು ಕಂಡಿದ್ದೇನೆ. ಓಡಿ ಪಳಗಿದ ಹಳೆಯದೊಂದನ್ನು ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಕೊಂಡಿರಿ.

ಕಂಡೆನ್ಸರ್ ಬದಲಿಸಿದರೂ ಹಾಗೇ ಇದ್ದರೆ ಕಾಯಿಲ್ ಪರೀಕ್ಷಿಸಿ. ಬ್ಯಾಲಸ್ಟ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ರೆಸಿಸ್ಟರ್) ಇಲ್ಲದ ಗಾಡಿಯಲ್ಲಿ ಕಾಯಿಲ್‌ನ ಪ್ರೈಮರಿ ಸುತ್ತು ಸುಮಾರು 3 ಓಮ್ ಇರಬೇಕು. 1.5 ಓಮ್‌ನ ಕಾಯಿಲ್ ಕೂರಿಸಿದ್ದರೆ ಮುಟ್ಟಲಾರದಷ್ಟು ಕಾಯುತ್ತದೆ.

ಇನ್ನೊಂದು ತಕರಾರು ಹೊಸ ಮೆಕ್ಯಾನಿಕ್‌ಗಳನ್ನು ಚೆನ್ನಾಗಿ ಆಟವಾಡಿಸುತ್ತದೆ. ಐಡ್ಲಿಂಗ್ ಸರಿಯಿರುತ್ತದೆ, ಆಕ್ಸಿಲರೇಟರ್ ಒತ್ತಿದರೆ ಮಿಸ್ ಹೊಡೆಯುತ್ತದೆ. ಆಗ ಎಂಜಿನ್ನಿನ ವ್ಯಾಕ್ಯೂಮ್ ಎಳೆದು, ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಕೂತ ತಟ್ಟೆ ತುಸು ತಿರುಗುತ್ತದೆ. ಅದರ ಜೊತೆ ವರ್ಷಗಟ್ಟಲೆ ಬಾಗಿ ಬಾಗಿ ಪಾಯಿಂಟ್‌ಗೆ ಹೋಗುವ ಸಣ್ಣ ವೈರ್ ಒಳಗೇ ತುಂಡಾಗಿರುತ್ತದೆ, ಮೇಲಿನ ಹೊದಿಕೆ ಮಾತ್ರ ಇಡಿಯಾಗಿರುತ್ತದೆ. ಕಣ್ಣಿಗೆ ಕಾಣದು, ಮೆಲ್ಲಗೆ ಎಳೆದರೆ ಹಿಗ್ಗುತ್ತದೆ. ಬದಲಿಗೆ ಹಾಕುವ ವೈರ್ ಬಹಳ ಎಳೆಗಳ, ಮೆದುವಾದದ್ದೇ ಆಗಿರಲಿ. ಗಟ್ಟಿ ವೈರ್ ತಟ್ಟೆಯನ್ನು ತಿರುಗಲು ಬಿಡುವುದಿಲ್ಲ. ಹೇಗೂ ಬಿಚ್ಚಿರುತ್ತೀರಿ, ಪಾಯಿಂಟ್ ಗ್ಯಾಪನ್ನೂ ಸಂದು ಅಳೆಯುವ ಫೀಲರ್ ಗೇಜಿನಲ್ಲಿ 0.35ರಿಂದ 0.40 ಮಿ.ಮೀ.ಗೆ ಹೊಂದಿಸಿಬಿಡಿ.