ಅಜ್ಜನ ಹಾರ್ಮೋನಿಯಂ ಅಟ್ಟದ ಮೇಲಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮಜ್ಜ ಕಂಪನಿ ನಾಟಕಗಳಲ್ಲಿ ಪೆಟ್ಟಿಗೆ ನುಡಿಸುತ್ತಿದ್ದರು. ಅವರು ಹೋದ ಮೇಲೆ ಅವರ ಕೈ ಹಾರ್ಮೋನಿಯಂ ಅಟ್ಟ ಸೇರಿದೆ. ಮನೆಯಲ್ಲಿ ಯಾರಿಗೂ ನುಡಿಸಲು ಬರುವುದಿಲ್ಲ. ಮಾರುವುದೋ, ಯಾರಿಗಾದರೂ ಕೊಡುವುದೋ, ಹಾಗೇ ಇಟ್ಟುಕೊಳ್ಳುವುದೋ?

ಉತ್ತರ: ಮೊದಲು ಅದನ್ನು ಅಟ್ಟದಿಂದ ಇಳಿಸಿ. ಹೆಂಚಿನ ಕೆಳಗಿನ ಬಿಸಿ, ಮಳೆಗಾಲದ ಥಂಡಿ, ಇಲಿ, ಮರದ ಹುಳು, ಹಾರ್ಮೋನಿಯಂ ಹಾಳು ಮಾಡುವುದು ಇವೇ. ಇಳಿಸಿದ ಮೇಲೆ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ, ಅಷ್ಟು ಸಾಕು. ಒದ್ದೆ ಬಟ್ಟೆ ಬೇಡ. ತಿದಿಗೆ, ಅಂದರೆ ಕೈಯಿಂದ ಗಾಳಿ ತುಂಬುವ ಮಡಿಕೆಯ ಭಾಗಕ್ಕೆ, ಎಣ್ಣೆಯಂತೂ ಬೇಡವೇ ಬೇಡ.

ಈಗ ಗಾಳಿ ಬಿಡುವ, ತಡೆಯುವ ಗುಂಡಿಗಳಾದ ಸ್ಟಾಪರ್‌ಗಳನ್ನೆಲ್ಲ ಒಳಗೆ ತಳ್ಳಿ, ತಿದಿ ಹಾಕಿ ಗಾಳಿ ತುಂಬಿಸಿ. ಯಾವ ಮನೆಯನ್ನೂ, ಅಂದರೆ ಬೆರಳಿನಿಂದ ಒತ್ತುವ ಕೀಲಿಯನ್ನೂ, ಒತ್ತಬೇಡಿ. ಗಾಳಿ ಸ್ವಲ್ಪ ಹೊತ್ತು ನಿಂತರೆ ಒಳ್ಳೆಯ ಸುದ್ದಿ. ತಕ್ಷಣ ಇಳಿದುಹೋದರೆ ತಿದಿ ಎಲ್ಲೋ ಹರಿದಿದೆ, ಇಲ್ಲವೇ ಅಂಟು ಬಿಟ್ಟಿದೆ. ಆಮೇಲೆ ಸ್ಟಾಪರ್ ಎಳೆದು ಒಂದೊಂದೇ ಮನೆ ಒತ್ತಿ ನೋಡಿ. ಒತ್ತದೆ ಇದ್ದರೂ ಯಾವುದೋ ಮನೆ ತಾನೇ ಕೂಗುತ್ತಿದೆಯಾ? ಸ್ಪ್ರಿಂಗ್ ಸಡಿಲಾಗಿರಬಹುದು. ಒಂದು ಸ್ವರ ಬರುತ್ತಲೇ ಇಲ್ಲವಾ? ರೀಡಿಗೆ ಧೂಳು ಸಿಕ್ಕಿರಬಹುದು. ಇವು ಸಣ್ಣ ರಿಪೇರಿಗಳು, ಗಾಬರಿ ಬೇಡ.

ಹಾರ್ಮೋನಿಯಂನ ಜೀವ ಇರುವುದು ರೀಡಿನಲ್ಲಿ. ರೀಡ್ ಅಂದರೆ ಗಾಳಿಗೆ ಕಂಪಿಸುವ ಹಿತ್ತಾಳೆಯ ನಾಲಿಗೆ. ಒಳಗೆ ಅದನ್ನು ಕೂರಿಸಿದ ಪಟ್ಟಿಯ ಮೇಲೆ ಹೆಸರು ಇದೆಯಾ ಅಂತ ರಿಪೇರಿ ಮಾಡುವವರ ಹತ್ತಿರ ತೆಗೆಸಿ ನೋಡಿ. ಜರ್ಮನಿಯ ಜುಬಿಲೇಟ್, ಪ್ಯಾರಿಸ್ಸಿನ ಕಾಸ್ರಿಯೆಲ್ ರೀಡುಗಳನ್ನು ಇಂದಿಗೂ ಹುಡುಕಿಕೊಂಡು ಬರುವವರಿದ್ದಾರೆ. ಗುಜರಾತಿನ ಪಾಲಿತಾಣದ ರೀಡುಗಳಿಗೂ ಒಳ್ಳೆಯ ಹೆಸರಿದೆ. ಹಾಗಾಗಿ ಒಳಗೆ ಏನಿದೆ ಎಂದು ತಿಳಿಯದೆ ಹಳೆ ಸಾಮಾನಿನವರಿಗೆ ಕೊಡಬೇಡಿ. ಅವರು ಮರಕ್ಕೆ ಬೆಲೆ ಕಟ್ಟುತ್ತಾರೆ. ರೀಡ್ ಕಿತ್ತು ಮಾರಿ, ಪೆಟ್ಟಿಗೆಯನ್ನು ಹೋಟೆಲಿನ ಅಲಂಕಾರಕ್ಕೆ ಕೊಟ್ಟರೆ ಅಜ್ಜನ ವಾದ್ಯ ಅಲ್ಲಿಗೆ ಮುಗಿಯಿತು. ಇದು ನನಗೆ ತುಂಬಾ ನೋವಿನ ವಿಷಯ.

ಇನ್ನೊಂದು ಎಚ್ಚರಿಕೆ. ಹಳೆ ಪೆಟ್ಟಿಗೆಯ ಶ್ರುತಿ ಇಂದಿನ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೆ ಕೂಡದೇ ಇರಬಹುದು. ಕೂಡಿಸಲು ರೀಡನ್ನು ಕೆರೆಯಬೇಕು. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದ ಲೋಹ ವಾಪಸ್ ಬರುವುದಿಲ್ಲ ಅಲ್ವಾ? ಸುಮ್ನೆ ಕೆರೆಸಬೇಡಿ. ನುಡಿಸುವವರು ಸಿಕ್ಕ ಮೇಲೆ ಅವರನ್ನೇ ಕೇಳಿ ಮಾಡಿಸಿ.

ಯಾರಿಗೆ ಕೊಡುವುದು? ನನ್ನ ಮಾತು ಕೇಳುವುದಾದರೆ, ನುಡಿಸುವವರಿಗೆ ಕೊಡಿ. ಊರಿನ ಭಜನಾ ಮಂಡಳಿ, ಹವ್ಯಾಸಿ ನಾಟಕ ತಂಡ, ಸಂಗೀತ ಕಲಿಯುತ್ತಿರುವ ಬಡ ಹುಡುಗ, ಯಾರಾದರೂ ಸರಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಂತೆ ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಜಾಗಗಳನ್ನೂ ಬೇಕೇ ಎಂದು ಕೇಳಿ ನೋಡಬಹುದು. ಆದರೆ ರಿಪೇರಿ ಮಾಡಿಸಿಯೇ ಕೊಡಿ. ಹರಿದ ತಿದಿಯ ಖರ್ಚು ಅವರ ತಲೆಗೆ ಬೀಳಬಾರದು.

ವಿದೇಶದಲ್ಲಿರುವ ಮಕ್ಕಳು ಒಯ್ಯುತ್ತೇನೆ ಅಂದರೆ ವಾದ್ಯದ ವಯಸ್ಸು ವಿಚಾರಿಸಿ. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಹೊರದೇಶಕ್ಕೆ ಒಯ್ಯಲು 1972ರ ಕಾಯ್ದೆ ಬಿಡುವುದಿಲ್ಲ.

ಇಟ್ಟುಕೊಳ್ಳುತ್ತೀರಾ? ಅದೂ ಒಳ್ಳೆಯದೇ. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು. ಆಗಲೂ ಅದನ್ನು ಬಿಡದೆ ಸಾಕಿದ್ದು ನಿಮ್ಮಜ್ಜನಂಥ ಪೆಟ್ಟಿಗೆ ಮಾಸ್ತರರು. ಗೋಡೆಯ ಥಂಡಿ ತಾಗದ ಕಡೆ, ಬಟ್ಟೆ ಹೊದಿಸಿ ಇಡಿ. ವಾರಕ್ಕೆ ಹತ್ತು ನಿಮಿಷ ತಿದಿ ಹಾಕಿ ಎಲ್ಲ ಮನೆಗಳನ್ನೂ ಒತ್ತಿ. ನುಡಿಸಲು ಬರದಿದ್ದರೂ ಪರವಾಗಿಲ್ಲ, ರೀಡಿಗೆ ಗಾಳಿ ಆಡಿದರೆ ಸಾಕು.

ಕೊಡಿ, ಇಟ್ಟುಕೊಳ್ಳಿ, ರಿಪೇರಿಗೆ ಬಿಚ್ಚಿದ ದಿನ ನೀವೂ ಹತ್ತಿರ ಇರಿ. ಹಿಂದೆ ರಿಪೇರಿ ಮಾಡಿದವರು ಒಳಗಿನ ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಹೆಸರು, ಊರು, ತಾರೀಖು ಬರೆದಿಡುವುದುಂಟು. ಇದ್ದರೆ ಒಂದು ಫೋಟೋ ತೆಗೆದುಕೊಳ್ಳಿ. ಅಜ್ಜ ಯಾವ ಊರಿನ ಕ್ಯಾಂಪಿನಲ್ಲಿದ್ದಾಗ ಅದನ್ನು ರಿಪೇರಿ ಮಾಡಿಸಿದ್ದರು ಎಂಬುದು ಅಲ್ಲಿ ಸಿಗಬಹುದು.