ಮೊಣಕಾಲಿನ ಹತ್ತಿರವೇ ಯಾಕೆ?

ದೊಡ್ಡವರಿಗೆ ಬರುವ ನೂರು ಕ್ಯಾನ್ಸರ್‌ಗಳಲ್ಲಿ ಸಾರ್ಕೋಮಾ, ಅಂದರೆ ಮೂಳೆ, ಸ್ನಾಯುಗಳಂಥ ಕಡೆ ಹುಟ್ಟುವ ಕ್ಯಾನ್ಸರ್, ಹೆಚ್ಚುಕಮ್ಮಿ ಒಂದು. ಮಕ್ಕಳ ಲೆಕ್ಕಕ್ಕೆ ಬಂದರೆ ಅದೇ 10ರಿಂದ 15 ಆಗುತ್ತದೆ. ಯಾಕೆ ಇಷ್ಟು ವ್ಯತ್ಯಾಸ?

ಜೀವಕೋಶ ಒಡೆದು ಎರಡಾಗುವಾಗ ಅದರ ಡಿಎನ್‌ಎ ಕೂಡ ನಕಲಾಗಬೇಕು. ನಕಲು ಜಾಸ್ತಿಯಾದಷ್ಟೂ ತಪ್ಪಿಗೆ ಅವಕಾಶ ಜಾಸ್ತಿ. ದೊಡ್ಡವರ ಮೈಯಲ್ಲಿ ದಿನವೂ ಹೊಸದಾಗುತ್ತಿರುವುದು ಚರ್ಮ, ಕರುಳಿನ ಒಳಪದರದಂಥ ಹೊದಿಕೆಗಳು. ಅವುಗಳಲ್ಲಿ ಹುಟ್ಟುವುದು ಕಾರ್ಸಿನೋಮಾ. ಸಾರ್ಕೋಮಾ ಹುಟ್ಟುವುದು ಮೂಳೆ, ಸ್ನಾಯು, ಕೊಬ್ಬು, ರಕ್ತನಾಳಗಳಲ್ಲಿ. ಒಮ್ಮೆ ಬೆಳೆದು ನಿಂತರೆ ಇವುಗಳಿಗೆ ಅಂಥ ಅವಸರವೇನಿಲ್ಲ.

ಹದಿಹರೆಯದಲ್ಲಿ ಮಾತ್ರ ಕತೆ ಬೇರೆ. ಹೊಸ ಪ್ಯಾಂಟು ಆರೇ ತಿಂಗಳಿಗೆ ಗಿಡ್ಡವಾಗುವ ವಯಸ್ಸು ಅದು, ಅಲ್ವಾ? ಕಾಲು ಹೆಚ್ಚಾಗಿ ಉದ್ದವಾಗುವುದು ಮೊಣಕಾಲಿನ ಆಚೀಚೆ: ತೊಡೆಮೂಳೆಯ ಕೆಳತುದಿ, ಅದರ ಕೆಳಗಿನ ಮೂಳೆಯ ಮೇಲ್ತುದಿ. ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಅತಿ ಹೆಚ್ಚು ಕಾಣಿಸುವುದೂ ಅಲ್ಲೇ. ಹುಡುಗಿಯರು ಹುಡುಗರಿಗಿಂತ ಬೇಗ ಎತ್ತರವಾಗುತ್ತಾರೆ. ಅವರಲ್ಲಿ ಈ ರೋಗವೂ ಸ್ವಲ್ಪ ಬೇಗ ಬರುತ್ತದೆ. ನಾಯಿಗಳಲ್ಲೂ ಇದೇ ಪಾಡು. ದೊಡ್ಡ ತಳಿಯವಕ್ಕೆ ಈ ಕಾಯಿಲೆ ಪುಟ್ಟ ನಾಯಿಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಂತ ಎತ್ತರದ ಮಗುವನ್ನು ನೋಡಿ ಸುಮ್ನೆ ಹೆದರಬೇಡಿ. ಎಲ್ಲರೂ ಬೆಳೆಯುತ್ತಾರೆ, ರೋಗ ಬರುವುದು ತೀರಾ ಕೆಲವರಿಗೆ.

ಬೆಳವಣಿಗೆಯೊಂದರಿಂದಲೇ ಎಲ್ಲ ಬಿಡಿಸಿ ಹೇಳಲೂ ಆಗದು. ಹೆಚ್ಚಾಗಿ ಮೂಳೆಯಲ್ಲೇ ಹುಟ್ಟುವ ಯೂಯಿಂಗ್ ಸಾರ್ಕೋಮಾ ಕೂಡ ಎಳೆಯರ ಕಾಯಿಲೆಯೇ. ಆದರೆ ಯುರೋಪ್ ಮೂಲದವರಲ್ಲಿ ಕಾಣುವಷ್ಟು ಅದು ಆಫ್ರಿಕಾ ಮೂಲದವರಲ್ಲಿ ಕಾಣುವುದಿಲ್ಲ. ಮೂಳೆ ಬೆಳೆಯುವ ರೀತಿ ಇಬ್ಬರಲ್ಲೂ ಹೆಚ್ಚುಕಮ್ಮಿ ಒಂದೇ.

ನನ್ನನ್ನು ಹೆಚ್ಚು ಕಾಡುವುದು ಒಮ್ಮೆ ಕ್ಯಾನ್ಸರ್ ಗೆದ್ದವರಿಗೆ ಬರುವ ಸಾರ್ಕೋಮಾ. ರೆಟಿನೋಬ್ಲಾಸ್ಟೋಮಾ ಪುಟ್ಟ ಮಕ್ಕಳ ಕಣ್ಣಿನ ಕ್ಯಾನ್ಸರ್. ಆರ್‌ಬಿ1 ಎಂಬ ಜೀನಿನ ದೋಷವನ್ನು ಹುಟ್ಟುತ್ತಲೇ ಹೊತ್ತು ತಂದ ಮಕ್ಕಳಲ್ಲಿ ಕಣ್ಣು ವಾಸಿಯಾದ ಎಷ್ಟೋ ವರ್ಷಗಳ ಮೇಲೆ ಮೂಳೆಯಲ್ಲಿ ಸಾರ್ಕೋಮಾ ಏಳಬಹುದು. ಆ ದೋಷ ಇರುವುದು ಕಣ್ಣಿನಲ್ಲಷ್ಟೇ ಅಲ್ಲ, ಮೈಯ ಕೋಶಕೋಶದಲ್ಲೂ. ಕಣ್ಣಿಗೆ ಕೊಟ್ಟ ರೇಡಿಯೇಷನ್ ಅಪಾಯವನ್ನು ಇನ್ನಷ್ಟು ಏರಿಸುತ್ತದೆ.

1969ರಲ್ಲಿ ಅಮೆರಿಕದ ವೈದ್ಯರಾದ ಫ್ರೆಡರಿಕ್ ಲೀ ಮತ್ತು ಜೋಸೆಫ್ ಫ್ರೌಮೆನಿ ಕೆಲವು ಕುಟುಂಬಗಳನ್ನು ಗುರುತಿಸಿದರು. ಮಕ್ಕಳಿಗೆ ಸಾರ್ಕೋಮಾ, ಅದೇ ಮನೆತನದ ಹೆಂಗಸರಿಗೆ ಚಿಕ್ಕ ವಯಸ್ಸಿಗೇ ಸ್ತನ ಕ್ಯಾನ್ಸರ್. ಇದರ ಹಿಂದೆ ಟಿಪಿ53 ಎಂಬ ಜೀನಿನ ದೋಷವಿದೆ ಎಂದು ಗೊತ್ತಾಗಿದ್ದು 1990ರಲ್ಲಿ. ಕೆಟ್ಟ ಡಿಎನ್‌ಎ ಇರುವ ಕೋಶವನ್ನು ಮುಂದೆ ಹೋಗದಂತೆ ತಡೆಯುವ ಕಾವಲುಗಾರ ಈ ಜೀನು. ಕಾವಲು ಸಡಿಲವಾದವರಿಗೆ ಬೇರೆ ದಾರಿಯಿದ್ದರೆ ರೇಡಿಯೇಷನ್ ಬೇಡ ಎಂದು ವೈದ್ಯರು ಹೇಳುವುದು ಅದಕ್ಕೇ.