ಒಂದೇ ತೊರಕೆಗೆ ಎರಡು ಹೆಸರು ಯಾಕೆ?

ಪ್ರಶ್ನೆ: ರಸೆಲ್ ಮಾರ್ಕೆಟ್‌ನಲ್ಲಿ ಚಿಕ್ಕ ತೊರಕೆ ಮೀನು (ಸ್ಟಿಂಗ್‌ರೇ) ನೋಡಿದೆವು. ಮಗಳು ಹೆಸರು ಹುಡುಕಿದಳು. ಒಂದು ಕಡೆ ‘ಹಿಮಾಂಟುರಾ ಇಂಬ್ರಿಕಾಟಾ’ ಅಂತಿತ್ತು, ಇನ್ನೊಂದು ಕಡೆ ‘ಬ್ರೆವಿಟ್ರೈಗಾನ್ ಇಂಬ್ರಿಕಾಟಾ’. ಯಾವುದು ಸರಿ?

ಎರಡೂ ಒಂದೇ ಮೀನಿನ ಹೆಸರು. ಈಗ ಬಳಕೆಯಲ್ಲಿರುವುದು ಬ್ರೆವಿಟ್ರೈಗಾನ್.

ಎರಡನೇ ಪದ ಬದಲಾಗಿಲ್ಲ, ಗಮನಿಸಿದಿರಾ? ಅದಕ್ಕೆ ಇನ್ನೂರು ವರ್ಷ ದಾಟಿದೆ. ತಮಿಳುನಾಡಿನ ತರಂಗಂಬಾಡಿ ಆಗ ಡೆನ್ಮಾರ್ಕಿನವರ ಕೈಯಲ್ಲಿತ್ತು. ಅಲ್ಲಿನ ಪಾದ್ರಿ ಜಾನ್, ಮೀನುಗಳನ್ನು ಬರ್ಲಿನ್‌ನಲ್ಲಿ ಮೀನುಗಳ ಅಧ್ಯಯನ ಮಾಡುತ್ತಿದ್ದ ವೈದ್ಯ ಬ್ಲಾಕ್ ಅವರಿಗೆ ಕಳಿಸುತ್ತಿದ್ದರು. ಬ್ಲಾಕ್ 1799ರಲ್ಲಿ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಷ್ನೈಡರ್ ಎಂಬ ವಿದ್ವಾಂಸರು ಮುಗಿಸಿ 1801ರಲ್ಲಿ ಹೊರತಂದರು. ಈ ತೊರಕೆಗೆ ‘ರಾಯಾ ಇಂಬ್ರಿಕಾಟಾ’ ಅಂತ ಹೆಸರಿಟ್ಟಿದ್ದು ಅದರಲ್ಲೇ. ಇಂಬ್ರಿಕಾಟಾ ಅಂದರೆ ಹಂಚು ಹೊದಿಸಿದಂಥದ್ದು. ಬಸವನಗುಡಿಯ ಹಳೇ ಮನೆಗಳ ಮಂಗಳೂರು ಹಂಚು ನೆನೆಸಿಕೊಳ್ಳಿ. ಎಷ್ಟು ಚೆಂದದ ಹೆಸರು, ಅಲ್ವಾ?

ಮೊದಲ ಪದ ಕುಲದ ಹೆಸರು, ಅಂದರೆ ಮನೆತನದ ಹೆಸರಿದ್ದಂತೆ. ಎಡವಟ್ಟಾಗಿದ್ದು ಅಲ್ಲೇ. ಹಿಮಾಂಟುರಾ ಅನ್ನುವ ಕುಲಕ್ಕೆ ಚಾಟಿಯಂಥ ಬಾಲದ ತೊರಕೆಗಳನ್ನೆಲ್ಲ ಸೇರಿಸಿಬಿಟ್ಟಿದ್ದರು. ಅದರಲ್ಲಿ ಮೈಗಿಂತ ಬಾಲವೇ ಎಷ್ಟೋ ಪಟ್ಟು ಉದ್ದವಿರುವ ದೊಡ್ಡ ಚುಕ್ಕೆ ತೊರಕೆಗಳೂ ಇದ್ದವು. ನೀವು ನೋಡಿದ್ದು ಅಂಥದ್ದಲ್ಲ. ಇದು ಸುಮಾರು 25 ಸೆಂಟಿಮೀಟರ್ ಅಗಲ, ಬಾಲ ಹೆಚ್ಚುಕಡಿಮೆ ಮೈಯಷ್ಟೇ. 2016ರಲ್ಲಿ ಲಾಸ್ಟ್, ನೇಲರ್, ಮಂಜಾಜಿ-ಮತ್ಸುಮೊಟೊ ಎಂಬ ವಿಜ್ಞಾನಿಗಳು ಈ ಇಡೀ ಕುಟುಂಬದ ಡಿಎನ್‌ಎ ಮತ್ತು ಮೈಕಟ್ಟು ಎರಡನ್ನೂ ಹೋಲಿಸಿದರು. ಈ ಗಿಡ್ಡ ಬಾಲದವು ಬೇರೆಯೇ ಗುಂಪು ಅಂತ ಗೊತ್ತಾಯಿತು. ಹಾಗೆ ಹುಟ್ಟಿದ್ದು ಬ್ರೆವಿಟ್ರೈಗಾನ್. ‘ಬ್ರೆವಿಸ್’ ಅಂದರೆ ಗಿಡ್ಡ, ‘ಟ್ರೈಗಾನ್’ ಅಂದರೆ ತೊರಕೆ.

ಸುಮ್ನೆ ಹೆಸರು ಬದಲಿಸಿದರು ಅಂದುಕೊಳ್ಳಬೇಡಿ. ಇದೇ ಗುಂಪಿನ ‘ವಾಲ್ಗಾ’ ಎಂಬ ಇನ್ನೊಂದು ಜಾತಿಯನ್ನೂ ಇದನ್ನೂ ಬಹಳ ಕಾಲ ಒಂದಕ್ಕೊಂದು ಬೆರೆಸಿಬಿಟ್ಟಿದ್ದರು. ತೊರಕೆ ಮೊಟ್ಟೆ ಇಡುವುದಿಲ್ಲ, ಕೆಲವೇ ಮರಿ ಹಾಕುತ್ತದೆ. ಜಾಸ್ತಿ ಹಿಡಿದರೆ ಬೇಗ ಚೇತರಿಸಿಕೊಳ್ಳುವುದಿಲ್ಲ. ಎರಡು ಜಾತಿಯನ್ನು ಒಂದೇ ಲೆಕ್ಕಕ್ಕೆ ಬರೆದರೆ, ಒಂದು ಕಮ್ಮಿಯಾಗುತ್ತಿದ್ದರೂ ನಮಗೆ ತಿಳಿಯುವುದೇ ಇಲ್ಲ.

ಇನ್ನೊಂದು ಮಾತು. ಬಾಲದ ಮುಳ್ಳಿನಲ್ಲಿ ವಿಷವಿರುವುದರಿಂದ ಎಷ್ಟೋ ಸಲ ಬಾಲ ಕತ್ತರಿಸಿಯೇ ಮಾರಾಟಕ್ಕೆ ಇಡುತ್ತಾರೆ. ಆಗ ಗುರುತು ಹಿಡಿಯಲು ಬೇಕಾದ ಮುಖ್ಯ ಸುಳಿವೇ ಹೋಗಿರುತ್ತದೆ. ಬರೀ ಫೋಟೊ ನೋಡಿ ಹುಡುಕಿದ್ದರೆ, ನಿಮ್ಮ ಮಗಳು ಇಂಬ್ರಿಕಾಟಾ ಅಂದುಕೊಂಡಿದ್ದು ವಾಲ್ಗಾ ಕೂಡ ಆಗಿರಬಹುದು.